ಅಪ್ಪನ ರಕ್ತ ಬಯಲು ಮಾಡಿದ ಗುಟ್ಟು

ಬಳ್ಳಾರಿ
ಭಾನುವಾರ, ೧೬ ಫೆಬ್ರವರಿ ೨೦೨೫

ಸಕಲ ಸದ್ಗುಣಸಂಪನ್ನೆ, ಸಿರುಗುಪ್ಪ ಸರ್ಕಾರಿ ಶಾಲೆಯ ಸಿಂಹಾಸನಾಧೀಶ್ವರಿ, ಬೆತ್ತವಿಲ್ಲದೆ ಬೆದರಿಸುವ ಬಿರುದಾಂಕಿತೆ ಸುಪ್ರಜಾ ಅಕ್ಕನವರ ಪಾದಾರವಿಂದಗಳಿಗೆ ತಮ್ಮನಾದ ಪವಮಾನನ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ಈ ವಾಕ್ಯವನ್ನು ಇನ್ನೊಮ್ಮೆ ಓದಿ ಮುಂದಕ್ಕೆ ಹೋಗು. ತಡವಾಗಿದ್ದಕ್ಕೆ ಕ್ಷಮಿಸು, ನಿಮ್ಮ ಶಾಲೆಯ ವಾರ್ಷಿಕೋತ್ಸವ ಮುಗಿಯುವ ತನಕ ಬಾಯಿ ಬಿಡಬಾರದೆಂದು ಅಮ್ಮನ ಆಜ್ಞೆಯಾಗಿತ್ತು. ಫೋನಿನಲ್ಲಿ ಹೇಳಿದರೆ ನೀನು ಮೊದಲ ಮಾತಿಗೇ ಅಳುತ್ತೀ, ಕೊನೆಯ ಮಾತು ಕೇಳಿಸಿಕೊಳ್ಳುವುದಿಲ್ಲ. ಅದಕ್ಕೇ ಈ ಕಾಗದ.

ಹೋದ ಭಾನುವಾರ ಬೆಳಿಗ್ಗೆ ಅಪ್ಪ ಕಾಫಿ ಲೋಟ ಕೆಳಗಿಟ್ಟು ಎದೆ ಹಿಡಿದುಕೊಂಡರು. "ಗ್ಯಾಸ್ ಆಗ್ಯದ, ಅಷ್ಟ," ಎಂದರು. ಉಸಿರೆಳೆದರೆ ನೋವು. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಇಸಿಜಿ ಸರಿಯಾಗಿಯೇ ಬಂತು. ಆದರೂ ಹೃದಯದ ಸ್ನಾಯುವಿಗೆ ಪೆಟ್ಟಾಗಿದ್ದರೆ ರಕ್ತದಲ್ಲಿ ಗೊತ್ತಾಗುತ್ತದೆಂದು ಡಾಕ್ಟರ್ ಸಿದ್ದಲಿಂಗೇಶ್ ರಕ್ತ ತೆಗೆಸಿದರು. ಸಿಪಿಕೆ ಎಂಬ ಕಿಣ್ವ ಇರಬೇಕಾದ್ದಕ್ಕಿಂತ ನಾಲ್ಕು ಪಟ್ಟು! ನಾನು ಮೊಬೈಲು ನೋಡಿ ಐದೇ ನಿಮಿಷದಲ್ಲಿ ಹೃದ್ರೋಗ ತಜ್ಞನಾದೆ. ಆಮೇಲೆ ಅಮ್ಮನ ಮುಖ ನೋಡಲಾಗಲಿಲ್ಲ.

"ಗಾಬರಿ ಆಗಬ್ಯಾಡ್ರಿ," ಎಂದರು ಡಾಕ್ಟರು. "ಮೈಯಾಗಿನ ಯಾವ ಸ್ನಾಯು ನೊಂದ್ರೂ ಇದು ಏರತೈತಿ. ಟ್ರೋಪೋನಿನ್ ಅಂತ ಇನ್ನೊಂದು ಐತಿ, ಹೃದಯದ ಸುದ್ದಿ ಅದು ಹೇಳ್ತೈತಿ. ಈಗ ಏರಿಲ್ಲ. ಆದ್ರ ತಡವಾಗಿ ಏರೂದೂ ಉಂಟು. ಮೂರು ತಾಸು ಬಿಟ್ಟು ಮತ್ತ ನೋಡೂಣು."

ಆ ಮೂರು ತಾಸಿನಲ್ಲಿ ಅಮ್ಮ ರಾಯರಿಗೂ ತಿಮ್ಮಪ್ಪನಿಗೂ ಹರಕೆ ಹೊತ್ತಳು. "ಸಾಕು, ಇನ್ಯಾರಿಗೂ ಹೊರಬ್ಯಾಡ! ತೀರಸೋರ ಕಷ್ಟ ನಿನಗೇನು ಗೊತ್ತು?" ಎಂದು ಅಪ್ಪ ಮಂಚದಿಂದಲೇ ಗದರಿದರು.

ಎರಡನೇ ಸಲ ರಕ್ತ ತೆಗೆಯಲು ಬಂದ ನರ್ಸು ದಾಕ್ಷಾಯಣಿ ಅಪ್ಪನ ಅಂಗಿಯ ತೋಳು ಮೇಲಕ್ಕೇರಿಸಿದರು.

"ಅಯ್ಯ, ಮೊಣಕೈ ಎಲ್ಲಾ ತರಚೇತಲ್ರೀ ಯಜಮಾನ್ರ! ಬಿದ್ರೇನು?"

"ಇಲ್ಲಮ್ಮಾ."

"ಮತ್ತ?"

ಅಪ್ಪ ಗೋಡೆ ನೋಡಿದರು. "ಉರುಳಿದೆ."

ಶನಿವಾರ ಮದುವೆಗೆಂದು ಹೇಳಿ ಕುರುಗೋಡಿಗೆ ಹೋದ ಮಹಾನುಭಾವರು, ಅಲ್ಲಿ ಹನುಮಪ್ಪನ ಗುಡಿಯ ಕಲ್ಲುಹಾಸಿನ ಮೇಲೆ ಒದ್ದೆ ಪಂಚೆಯಲ್ಲಿ ಮೂರು ಸುತ್ತು ಉರುಳುಸೇವೆ ಮಾಡಿ ಬಂದಿದ್ದರು!

ಡಾಕ್ಟರು ನಕ್ಕೇಬಿಟ್ಟರು. "ಮೈಯೆಲ್ಲಾ ಕಲ್ಲಿಗೆ ಅರದು ಬಂದೀರಿ, ಸಿಪಿಕೆ ಏರದ ಏನ್ ಮಾಡ್ತೈತ್ರಿ? ಮೊದಲ ಹೇಳಾಕೇನಾಗಿತ್ತು?"

"ಹರಕಿ ಬಾಯಿಬಿಟ್ಟು ಹೇಳಬಾರದ್ರಿ. ಫಲ ಹೋಗ್ತದ."

ಎರಡನೇ ಟ್ರೋಪೋನಿನ್ನೂ ಏರಿರಲಿಲ್ಲ. ಹೃದಯ ಗಟ್ಟಿಯಾಗಿದೆ, ಪಕ್ಕೆಯ ಸ್ನಾಯು ನೊಂದಿದೆ ಅಷ್ಟೇ, ನೀರು ಹೆಚ್ಚು ಕುಡಿಯಿರಿ ಎಂದರು ಡಾಕ್ಟರು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೇಳಿದಳು: "ಯಾತಕ್ಕಂತ ಹರಕಿ?"

"ನಿನ್ನ ಮಗಗ ಬುದ್ಧಿ ಬರಲಿ ಅಂತ."

ಅಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಪಕ್ಕದ ಮಂಚದ ವಿರೂಪಮ್ಮ ಎಂಬ ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು, "ಈ ಹುಡುಗಗೇನು? ಮೂರು ಸುತ್ತಿಗೆ ಆಗೂದಿಲ್ರೀ," ಎಂದು ತೀರ್ಪು ಕೊಟ್ಟಳು.

ಈಗ ಅಪ್ಪ ದಿನಾ ಉಪ್ಪಿಟ್ಟಿಗೆ ಉಪ್ಪು ಕಡಿಮೆಯೆಂದು ಜಗಳವಾಡುವಷ್ಟು ಆರೋಗ್ಯವಾಗಿದ್ದಾರೆ. ನಿನಗೂ ಭಾವನಿಗೂ ದೀರ್ಘಾಯುಷ್ಯ, ಸಮಸ್ತ ಸನ್ಮಂಗಳ ಉಂಟಾಗಲೆಂದು ವಯಸ್ಸು ಮೀರಿ ಹರಸುವ,

ಬುದ್ಧಿ ಬರಬೇಕಾಗಿರುವ
ಪವಮಾನ

ತಾ.ಕ.: ನನ್ನ ಕೋಣೆಯ ಫ್ಯಾನು ಕೆಟ್ಟಿದೆಯೆಂದು ಹೇಳಿ ಹಾಸಿಗೆಯನ್ನು ಅಪ್ಪನ ಮಂಚದ ಪಕ್ಕಕ್ಕೆ ತಂದುಕೊಂಡಿದ್ದೇನೆ. ಫ್ಯಾನು ಚೆನ್ನಾಗಿಯೇ ತಿರುಗುತ್ತದೆ. ಅವರ ಗೊರಕೆ ಒಂದು ಗಳಿಗೆ ನಿಂತರೂ ನನಗೆ ಎಚ್ಚರವಾಗಿಬಿಡುತ್ತದೆ, ಅಕ್ಕ.