ರಟ್ಟು ಕಿತ್ತ ಪುಸ್ತಕ

ಗಂಜಾಂ, ಭಾನುವಾರ

ಅಕ್ಕ,
ಫೋನ್ ಮಾಡಿದ್ರೆ ಅಪ್ಪನೇ ಎತ್ಕತ್ತಾನೆ, ಅದ್ಕೇ ಕಾರ್ಡು ಹಾಕ್ತಾ ಇವ್ನಿ. ಇದನ್ನೂ ಅವ್ನು ಓದ್ಕಂಡ್ರೆ ಓದ್ಕಳ್ಳಿ ಬುಡು.

ಇಲ್ಲಿ ನಿಮಿಷಾಂಬ ಗುಡಿ ದಾರೀಲಿ ಲಿಂಗಣ್ಣ ಅಂತ ಒಬ್ಬ ಹಳೇ ಪುಸ್ತಕನ ಕಡ್ಲೆಕಾಯಿ ತರ ತಕ್ಕಡೀಲಿ ತೂಗಿ ಮಾರ್ತಾನೆ. ನೀನು ಹೊಗಳ್ತಿದ್ದಂತ ಹಳೇ ಕಾಲದ ದಪ್ಪ ಕಾದಂಬರಿ ಒಂದು ತಗಂಡೆ. ಮುನ್ನೂರು ಪುಟ ಆದ್ರೂ ಮನೆಯೋರೆಲ್ಲ ಜಗಲಿ ಮೇಲೆ ಕುಂತು ನಿಟ್ಟುಸಿರು ಬುಡ್ತಾನೇ ಅವ್ರೆ. ಥೂ! ಜೊತೆಗೆ ಮಾಯಾಲೋಕದ್ದೊಂದು ತಗಂಡೆ. ತೂಕ ಕಮ್ಮಿಯಾಗ್ಲಿ ಅಂತ ಅದರ ರಟ್ಟು ಕೀಳಿಸ್ದೆ. ಹೆಸ್ರಿದ್ದ ಹಾಳೇನೂ ರಟ್ಟಿನ ಜೊತೇಲೇ ಕಿತ್ಕಂಡು ಬಂದ್ಬುಡ್ತು.

ಇಂಥವು ಮಕ್ಕಳ ಕತೆ ಅಂತ ನೀನು ನಗಾಡ್ತಿದ್ದೆ. ಸುಳ್ಳು ಕಣಕ್ಕ. ಒಬ್ಬ ಹುಡ್ಗ ಬಾಗ್ಲು ದಾಟಿ ಬೇರೆ ಲೋಕಕ್ಕೆ ಹೋಗಿ, ದಿನಕ್ಕೊಬ್ಬರಂಗೆ ಮನೆಯೋರ ಹೆಸ್ರು ಮರೀತಾನೆ. ಕೊನೇ ಪುಟದಲ್ಲಿ ಅವನಕ್ಕನ ಹೆಸ್ರೂ ಮರ್ತೋಯ್ತು. ಮಿಕ್ಕಿದ್ದು ಎರಡನೇ ಭಾಗದಲ್ಲಂತೆ. ಲಿಂಗಣ್ಣನ್ನ ಕೇಳಿದ್ರೆ, "ಹೆಸ್ರೇ ಗೊತ್ತಿಲ್ದೆ ಎಲ್ಲಂತ ಉಡುಕ್ಲಿ? ರಟ್ಟು ಕೀಳಿಸ್ದೋನು ನೀನೇ ಅಲ್ವೇನ್ಲಾ?" ಅಂತ ಬೈದ.

ಹೋದ್ವಾರ ಬಂದಿದ್ದ ಜ್ವರ ಬುಟ್ಟದೆ. ಕೆಲ್ಸಕ್ಕಿರೋ ಲಾಡ್ಜಲ್ಲಿ ಬೆಡ್‌ಶೀಟು ಒಗೆದೂ ಒಗೆದೂ ಕೈ ಬಿರುಕು ಬುಟ್ಟವೆ. ಇಲ್ಲಿ ನನ್ನ ಎಲ್ರೂ "ಏಯ್" ಅಂತಾನೇ ಕರೀತಾರೆ.

ಜಾಗ ಮುಗೀತು. ನಮ್ಮೂರು ಬೂಕನಕೆರೆ ಲೈಬ್ರರೀಲಿ ಈ ಕತೆ ಹೇಳಿ, ಪುಸ್ತಕದ ಹೆಸ್ರು ಕೇಳಿ ಬರ್ದಾಕು. ಕಾರ್ಡಿನ ಮೇಲೆ ನನ್ನ ಹೆಸ್ರೂ ಪೂರ್ತಿ ಬರಿ.

ತಿಮ್ಮೇಶ