ಬೀಗರ ಪಿಕಪ್ಪು

ಮೇ 21, ಗುರುವಾರ

ಟೀ ಕುಡಿದು ಗ್ಯಾರೇಜಿನ ಬಾಗಿಲು ತೆಗೆಯುವಷ್ಟರಲ್ಲಿ ಬೀಗ ವಕ್ಕರಿಸಿದ. ಅಸಾಂಕುಲ್. ನಮ್ಮ ಮಗಳು ಬುರುಲಳ ಮಾವ. ಗಾಡಿಗಿಂತ ಮೊದಲು ಅದರ ನಾತ ಬಂತು — ಕುರಿ, ಪೆಟ್ರೋಲು, ಸುಟ್ಟ ಕೊಬ್ಬು. ಸೋವಿಯತ್ ಕಾಲದ ಪಿಕಪ್ಪು. ಬಾನೆಟ್ಟಿನ ಸಂದಿಯಿಂದ ಹಬೆ.

"ಏರು ಎಳೀತಿಲ್ಲ ಬೀಗರೇ. ಅರ್ಧ ಘಾಟಿಗೇ ಕುದಿಯುತ್ತೆ. ಹೋದ ವರ್ಷ ಹಿಂದೆ ಬರ್ತಿದ್ದೋರೆಲ್ಲ ಹಲ್ಲು ಕಿರಿದ್ರು."

"ಬ್ರೇಕ್ ಹೇಗಿದೆ?"

"ಅಯ್ಯೋ, ಹತ್ತೋಕೆ ಯಾತಕ್ರೀ ಬ್ರೇಕು!"

ತನ್ನ ಮಾತಿಗೆ ತಾನೇ ನಕ್ಕ. ನಾನೂ ನಕ್ಕೆ. ಹೆಣ್ಣು ಕೊಟ್ಟ ಬೀಗನಲ್ಲವೇ ನಾನು... ಥೂ.

ನನ್ನ ಹೆಂಡತಿ ಜೂರಾ ಊಟದ ಬಟ್ಟೆ ಹಾಸಿ ಕೆನೆ, ಜಾಮ್, ಕರಿದ ಹಿಟ್ಟಿನ ಬಿಸಿ ಬೂರ್ಸೋಕ್ ಸುರಿದಳು. ತಿಂದ. ಕೈಯ ಜಿಡ್ಡನ್ನು ಬೂಟಿಗೆ ಒರೆಸಿಕೊಂಡ. ಬರುವ ಗುರುವಾರ ಅವರ ಇಡೀ ಬಳಗ ಕರಾ-ಬೆಲ್ ಘಾಟಿ ದಾಟಿ ಬೇಸಿಗೆಯ ಹುಲ್ಲುಗಾವಲಿಗೆ ಹೊರಡುತ್ತದಂತೆ. ಅಳಿಯ ಕುರಿಗಳ ಜೊತೆ ಮುಂಚೆಯೇ ಹೋಗಿದ್ದಾನೆ. ಬುರುಲ್, ಮಗು ಇಬ್ಬರೂ ಪಿಕಪ್ಪಿನಲ್ಲಿ, ಇವನ ಪಕ್ಕ. ಅದನ್ನೂ ದೊಡ್ಡಸ್ತಿಕೆಯಿಂದಲೇ ಹೇಳಿದ.

ಮೇ 22

ರೇಡಿಯೇಟರಿನ ಕೆಳಗಿನ ನಲ್ಲಿ ತಿರುಗಿಸಿದೆ. ಏನೂ ಬರಲಿಲ್ಲ. ತಂತಿ ಹಾಕಿ ಕುಕ್ಕಿದೆ. ಬಂತು... ಹುರಿಹಿಟ್ಟು! ಬೆಂದು, ಹುಳಿತು, ಕಂದು ಗಂಜಿಯಾಗಿ ಬುಳುಬುಳು ಇಳಿಯಿತು. ತೂತು ಮುಚ್ಚಲು ಹಿಟ್ಟು ಸುರಿದಿದ್ದಾನೆ, ಅದೂ ಎಷ್ಟು ವರ್ಷದಿಂದಲೋ. ನಮ್ಮ ನಾಯಿ ಮೂಸಿ, ಸೀನಿ, ದೂರ ಹೋಗಿ ಮಲಗಿತು.

ಏರ್ ಫಿಲ್ಟರಿನಲ್ಲಿ ಇಲಿಯ ಗೂಡು. ಮರಿಗಳ ಸಮೇತ. ಕಿಡಿ ಹೊತ್ತಿಸುವ ಪಾಯಿಂಟ್ ಸುಟ್ಟು ಕರಕಲು. ಈ ಎಂಜಿನ್ ಇಷ್ಟು ದಿನ ಉಸಿರಾಡಿದ್ದೇ ಹೆಚ್ಚು. ಮಧ್ಯಾಹ್ನ ಊಟ ಸೇರಲಿಲ್ಲ.

ಮೇ 23, ಸಂಜೆ

ಬ್ರೇಕ್ ನೋಡಿದೆ. ಅವನು ಕೇಳಿರಲಿಲ್ಲ, ನಾನಾಗಿಯೇ ನೋಡಿದೆ. ಮೊದಲು ಒತ್ತಿದರೆ ಪೆಡಲ್ ನೆಲಕ್ಕೆ. ಪದೇ ಪದೇ ತುಳಿದರೆ ಏನೋ ಸಿಕ್ಕಂತಾಗುತ್ತದೆ, ಕಾಲು ಇಟ್ಟುಕೊಂಡಿದ್ದರೆ ಮೆಲ್ಲಗೆ ಮತ್ತೆ ಕುಸಿಯುತ್ತದೆ. ಬ್ರೇಕಿಗೆ ಎಣ್ಣೆ ಒತ್ತುವ ಮಾಸ್ಟರ್ ಸಿಲಿಂಡರ್ ಹೋಗಿದೆ. ಹಿಂದಿನ ಚಕ್ರದ ಬ್ರೇಕ್ ಡ್ರಮ್ ಬಿಚ್ಚಿದೆ. ಬಿಚ್ಚಬಾರದಿತ್ತು. ಬ್ರೇಕ್ ಶೂಗಳ ಮೇಲೆ ಕುರಿಯ ಬಾಲದ ಕೊಬ್ಬು! ಕರಗಿ, ಸೀದು, ಕೂದಲು ಅಂಟಿಕೊಂಡು ಕೂತಿದೆ. ಹಿಂದಿನ ಚಕ್ರಗಳಿಗೆ ಹೋಗುವ ಬ್ರೇಕ್ ಪೈಪನ್ನು ಮಡಚಿ, ಸುತ್ತಿಗೆಯಿಂದ ಬಡಿದು ಮುಚ್ಚಿದ್ದಾನೆ. ಹ್ಯಾಂಡ್‌ಬ್ರೇಕಿಗೆ ಲಿವರ್ ಇದೆ, ಕೇಬಲ್ ಇಲ್ಲ. ಆ ಕೇಬಲ್ಲಿನಲ್ಲಿ ಕುದುರೆ ಕಟ್ಟಿದ್ದಾನಂತೆ.

ಇದರಲ್ಲಿ ನನ್ನ ಮಗಳು. ಇದರಲ್ಲಿ ಇನ್ನೂ ಹಲ್ಲು ಬಾರದ ನನ್ನ ಮೊಮ್ಮಗು.

ಬೀಗನನ್ನು ಕರೆದು ತೋರಿಸಿದೆ. ಕಿಂಚಿತ್ತೂ ನಾಚಿಕೆಯಿಲ್ಲ.

"ಕಿರ್ ಅಂತ ಕಿರುಚ್ತಿತ್ತು ಬೀಗರೇ. ಕೊಬ್ಬು ಹಚ್ಚಿದೆ. ಆಮೇಲೆ ಸದ್ದೇ ಇಲ್ಲ ನೋಡಿ!"

"ಪೈಪು?"

"ಸೋರ್ತಿತ್ತು. ನಿಲ್ಲಿಸ್ದೆ."

"ಸಿಲಿಂಡರ್, ಪೈಪು ಎಲ್ಲ ಹೊಸದು ಬೇಕು. ನಾರಿನ್ ಪೇಟೆಯಿಂದ ತರಿಸ್ಬೇಕು. ಒಂದು ಹತ್ತು ದಿನ ತಡೆದು ಹೊರಟ್ರೆ..."

"ಹಿರೀರು ಹರಸಿ ದಿನ ಇಟ್ಟಾಗಿದೆ. ನೀವು ಎಂಜಿನ್ ನೋಡ್ರಿ. ಘಾಟಿ ನಾನು ಕಾಣದ್ದಾ?"

ಇವನ ಕೊರಳಪಟ್ಟಿ ಹಿಡಿದು ಆ ಕೊಬ್ಬನ್ನು ಇವನ ಮುಖಕ್ಕೇ ಬಳಿಯಬೇಕು ಅನ್ನಿಸಿತು. ಬಾಯಿಂದ ಬಂದದ್ದು — "ಆಗಲಿ ಬೀಗರೇ."

ಜೂರಾ ಹೇಳುತ್ತಾಳೆ, "ನೀವೇನೋ ಒಂದು ಅಂದು ಕೈ ತೊಳ್ಕೊತೀರಿ. ಆಮೇಲೆ ಬುರುಲಳ ಅತ್ತೆ ಆ ಹುಡುಗೀನ ಚಳಿಗಾಲ ಪೂರ್ತಿ ಕುಟುಕ್ತಾಳೆ." ಸುಳ್ಳಲ್ಲ.

ಮೇ 26

ಎಂಜಿನ್ ಮುಗಿಯಿತು. ಸುಮ್ಮನೆ ಹೇಳಬಾರದು, ಹಾಡುತ್ತಿದೆ. ಮನೆ ಹಿಂದಿನ ದಿಬ್ಬಕ್ಕೆ ಓಡಿಸಿದೆ. ಮೂರನೇ ಗೇರಿನಲ್ಲೇ ಹತ್ತಿತು. ನನ್ನ ಕೈಗೆ ನಾನೇ ಭೇಷ್ ಅಂದುಕೊಂಡೆ.

ಇಳಿಯುವಾಗ ಹೊಳೆಯಿತು. ಒಂದನೇ ಗೇರಿನಲ್ಲಿ, ಜೀವ ಕೈಯಲ್ಲಿ ಹಿಡಿದು ಇಳಿಯುತ್ತಿದ್ದೆ. ಎಂಜಿನ್ ಎಳೆಯದೆ ಇದ್ದಾಗ ಅವನು ಅರ್ಧ ಲೋಡ್ ಹಾಕುತ್ತಿದ್ದ. ಹತ್ತುವಾಗಲೂ ಒಂದನೇ ಗೇರು, ಇಳಿಯುವಾಗಲೂ ಒಂದನೇ ಗೇರು, ಬೇರೆ ಗೇರಿಗೆ ಹಾಕಿದರೆ ಸತ್ತೇ ಹೋಗುತ್ತಿತ್ತಲ್ಲ. ಆ ದರಿದ್ರ ಎಂಜಿನ್ನೇ ಇಷ್ಟು ವರ್ಷ ಅವನ ಬ್ರೇಕು. ಈಗ ಗುಡಾರವನ್ನೆಲ್ಲ ಹೇರುತ್ತಾನೆ. ಹಲ್ಲು ಕಿರಿದವರನ್ನೆಲ್ಲ ಹಿಂದೆ ಹಾಕುತ್ತಾನೆ.

ಅವನ ಬ್ರೇಕನ್ನು ಕಿತ್ತು ಬಿಸಾಡಿದವನು ನಾನು.

ಮೇ 27

ಡಿಸ್ಟ್ರಿಬ್ಯೂಟರಿನ ರೋಟರ್ ಕಿತ್ತು ಜೇಬಿಗೆ ಹಾಕಿಕೊಂಡೆ. ಹೆಬ್ಬೆರಳಷ್ಟು ವಸ್ತು, ಅದಿಲ್ಲದೆ ಎಂಜಿನ್ ಸ್ಟಾರ್ಟ್ ಆಗದು. ಸುತ್ತಮುತ್ತ ಇಂಥ ಗಾಡಿ ಇನ್ನೊಂದಿಲ್ಲ. ಬೀಗನಿಗೆ, ಅದು ಸುಟ್ಟುಹೋಗಿದೆ, ಪೇಟೆಯಿಂದಲೇ ಬರಬೇಕು ಅಂದೆ. ಎಷ್ಟು ಸಲೀಸಾಗಿ ಬಂತು ಸುಳ್ಳು.

ಅಂಗಡಿ ಮುಂದೆ ಹತ್ತಾರು ಜನರೆದುರು ಶುರುವಿಟ್ಟುಕೊಂಡ: "ನಮ್ಮ ಬೀಗರ ಕೈಗುಣ ನೋಡ್ರಪ್ಪಾ! ಕುಂಟ್ಕೊಂಡಾದ್ರೂ ಬಂದಿತ್ತು, ಹೆಣ ಮಾಡಿ ಕೊಟ್ರು!"

ಎಲ್ಲರೂ ನಕ್ಕರು. ನಾನೂ ಹಲ್ಲು ಬಿಟ್ಟೆ. ಇಷ್ಟು ವರ್ಷ ಗಳಿಸಿದ ಹೆಸರು ಒಂದೇ ಗುಕ್ಕಿಗೆ ಮಣ್ಣುಪಾಲು. ಇರಲಿ. ಗಾಡಿ ನನ್ನ ಅಂಗಳದಲ್ಲೇ ಇರುತ್ತದೆ. ಬುರುಲ್ ಬೇರೆ ಯಾರದಾದರೂ ಲಾರಿಯಲ್ಲಿ ಹೋಗುತ್ತಾಳೆ.

ಮೇ 28, ಬೆಳಿಗ್ಗೆ

ಲಾರಿ ಬಂತು. ಜೊತೆಗೆ ಹಗ್ಗ.

"ಎಂಜಿನ್ ಸತ್ರೆ ಸಾಯ್ಲಿ ಬೀಗರೇ, ಕಟ್ಟಿ ಎಳ್ಕೊಂಡು ಹೋಗ್ತೀವಿ! ಸ್ಟೇರಿಂಗ್ ನಾನು ಹಿಡೀತೀನಿ."

ಲಾರಿಯಲ್ಲಿ ಕಾಲಿಡಲು ಜಾಗವಿಲ್ಲ. ಪಿಕಪ್ಪಿಗೂ ಗುಡಾರದ ಕೋಲು, ಕಂಬಳಿ ಹೇರಿದರು. ನಾನು ನಿಂತು ನೋಡಿದೆ. ಬ್ರೇಕು ಮೊದಲೇ ಇಲ್ಲ. ತಡೆದು ಹಿಡಿಯಲು ಈಗ ಎಂಜಿನ್ನೂ ಇಲ್ಲ. ಇಳಿಜಾರಿನಲ್ಲಿ ಹಗ್ಗ ಯಾರನ್ನು ಹಿಡಿಯುತ್ತದೆ? ಲಾರಿಗೆ ಗುದ್ದಬೇಕು, ಇಲ್ಲ ಕಮರಿಗೆ ಬೀಳಬೇಕು. ನನ್ನ ಜಾಣತನ ಇದ್ದದ್ದನ್ನೂ ಕೆಡಿಸಿತು.

ಅವರ ಜೊತೆ ಬಂದಿದ್ದ ಬುರುಲಳನ್ನು ಅಡುಗೆಮನೆಗೆ ಕರೆದು ಎಲ್ಲ ಹೇಳಿದೆ. ಕೊಬ್ಬು, ಪೈಪು, ರೋಟರ್, ಎಲ್ಲ. ಮಗುವಿನ ಟೋಪಿಯ ದಾರ ಕಟ್ಟುತ್ತಾ ಕೇಳಿದಳು.

"ಗಾಡಿ ತೆಗೀಬೇಡಿ ಅಂತ ಅವ್ರಿಗ್ಯಾಕೆ ನೇರವಾಗಿ ಹೇಳಲಿಲ್ಲ ಅಪ್ಪಾ?"

ಈಗ ಹೇಳುತ್ತೇನೆ ಅಂದುಕೊಂಡು ಅಂಗಳಕ್ಕೆ ಬಂದೆ. ಎಲ್ಲರೂ ಇದ್ದರು. ಬಾಯಿ ತೆರೆದೆ. ಬಂದದ್ದು — "ಹುಷಾರಾಗಿ ಹೋಗ್ಬನ್ನಿ ಬೀಗರೇ."

ಥೂ, ನನ್ನ ಜನ್ಮಕ್ಕೆ.

ಅಸಾಂಕುಲ್ ಪಿಕಪ್ಪಿನ ಬಾಗಿಲು ತೆಗೆದು "ಹತ್ತಮ್ಮಾ" ಅಂದ. ಬುರುಲ್ ಹತ್ತಲಿಲ್ಲ. ಮಾವನೆದುರು ದನಿ ಎತ್ತಿದವಳಲ್ಲ ಅವಳು. ಅವನ ಹೆಸರು ನಾಲಿಗೆಗೆ ಬರಬಾರದೆಂದು, ಅದೇ ಹೆಸರಿನ ಪಕ್ಕದ ಮನೆಯ ಮುದುಕನನ್ನು ಗಡ್ಡದಜ್ಜ ಎಂದು ಕರೆಯುವವಳು. ಸೊಸೆಯಾದವಳು ಸತ್ತರೂ ಮಾವನ ಹೆಸರು ಹೇಳುವುದುಂಟೆ?

"ಅಸಾಂಕುಲ್," ಅಂದಳು.

ಗಟ್ಟಿಯಾಗಿ. ಎಲ್ಲರ ಮುಂದೆ.

"ಅಸಾಂಕುಲ್, ಈ ಗಾಡಿಗೆ ಬ್ರೇಕಿಲ್ಲ. ನಾನು ಹತ್ತಲ್ಲ. ನನ್ನ ಮಗೂನೂ ಹತ್ತಲ್ಲ. ನೀವೂ ಹತ್ಬೇಡಿ."

ಲಾರಿಯವನು ಎಂಜಿನ್ ಆರಿಸಿದ. ಅಸಾಂಕುಲ್ ಉಣ್ಣೆಯ ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಗಾಡಿಯ ಮೆಟ್ಟಿಲ ಮೇಲೆ ಕುಕ್ಕರಿಸಿಬಿಟ್ಟ. ಆಮೇಲೆ ಅವನ ಹೆಂಡತಿ ಶುರುಮಾಡಿದಳು — "ಹೆತ್ತೋರು ಕಲಿಸಿದ್ದು ಇದೇನಾ! ಮಾವನ ಹೆಸರು ಹಿಡಿದು ಕೂಗೋದಾ!" ಇನ್ನೂ ಕೂಗುತ್ತಿದ್ದಾಳೆ. ಇಲ್ಲಿಗೆ ಕೇಳಿಸುತ್ತಿದೆ.

ನೀರು ತರುವ ನೆಪ ಹೇಳಿ ನಾನು ಒಳಗೆ ಬಂದೆ. ಬಂದು ಇದನ್ನು ಬರೆಯುತ್ತ ಕೂತಿದ್ದೇನೆ, ಗಂಡಸು. ಕಿಟಕಿಯಿಂದ ಕಾಣುತ್ತಾಳೆ. ಅಷ್ಟೂ ಜನರ ನಡುವೆ, ಮಗು ಎತ್ತಿಕೊಂಡು, ಒಬ್ಬಳೇ. ಅಳುತ್ತಿಲ್ಲ. ಅವಳು ಹೇಳಿದ್ದು ನಾನು ಹೇಳಬೇಕಾದ ಮಾತು. ಅವರು ಅವಳನ್ನು ಇನ್ನೊಂದು ಮಾತು ಅನ್ನುವ ಮೊದಲು ಹೋಗಿ ಅವಳ ಪಕ್ಕ ನಿಲ್ಲಬೇ—