ನಾಗ್ನೂಮಾ ಒತ್ತಿದ ಹೆಬ್ಬೆಟ್ಟು

ಕಾಂಕಾನ್, 6 ಜನವರಿ 1971, ಬೆಳಿಗ್ಗೆ
ಮತ್ತೆ ರಿಬ್ಬನ್ ಇಲ್ಲ. ಹಳೆಯದಕ್ಕೇ ಮಸಿ ಹಚ್ಚಿ ಟೈಪ್ ಮಾಡಬೇಕು. ನಾನು ಟೈಪಿಸ್ಟಾಗಿರುವ ಪಕ್ಷದ ಕಚೇರಿಯಲ್ಲಿ ಘೋಷಣೆಗೆ ಬರವಿಲ್ಲ, ರಿಬ್ಬನ್ನಿಗೆ ಬರ. ಫ್ರೆಂಚರು ನಮ್ಮ ದೇಶ ಬಿಟ್ಟು ಹೋಗುವಾಗ ಟೆಲಿಫೋನನ್ನೂ ಕಿತ್ತುಕೊಂಡು ಹೋದರು, ನಿಜ. ಹನ್ನೆರಡು ವರ್ಷವಾಯಿತಲ್ಲ, ಇನ್ನೂ ಎಲ್ಲದಕ್ಕೂ ಅದೇ ನೆಪ.

ಪಕ್ಕದ ಮನೆಯ ಲಾಂಸಿನೆ ಕೂಲಿಬಾಲಿ ರೈಲ್ವೆ ಡ್ಯೂಟಿಗೆ ಹೊರಟವನು ಗೋಡೆಯಾಚೆಯಿಂದ ಕೂಗಿದ. "ಏ ಸರಾನ್ ಕೈತಾ! ನನ್ನ ತೊತ್ತೇ! ಯಜಮಾನಂಗೆ ಒಂದು ಲೋಟ ನೀರು ಕೊಡೋಕೂ ಆಗಲ್ವೇನೆ?"

"ಹೋಗೋ ಅಲಸಂದೆ ಹೊಟ್ಟೆಬಾಕ! ನಿಮ್ಮಜ್ಜನ್ನ ನಮ್ಮಜ್ಜ ಒಂದು ಬುಟ್ಟಿ ಕಾಳಿಗೆ ಕೊಂಡ್ಕೊಂಡಿದ್ದ!" ಅಂದೆ.

ಅವನ ಹೆಂಡತಿ ನಾಗ್ನೂಮಾ ಒನಕೆ ಬಿಟ್ಟು ನಕ್ಕಳು. ಕೈತಾ, ಕೂಲಿಬಾಲಿ — ಈ ಎರಡು ಕುಲಗಳಿಗೆ ತಲೆತಲಾಂತರದ ಬೈಗುಳದ ನಂಟು. ಬೈದರೆ ಸಿಟ್ಟಾಗುವಂತಿಲ್ಲ. ಬೈಯದಿದ್ದರೇ ಸಿಟ್ಟು.

9 ಜನವರಿ
ಬೀದಿಯ ಪಕ್ಷದ ಸಭೆ. ರಾಜಧಾನಿಯಿಂದ ತನಿಖಾಧಿಕಾರಿ ಬಾಂಗಾಲಿ ಸಾನೊ ಬಂದಿದ್ದ. ನವೆಂಬರಿನಲ್ಲಿ ಪೋರ್ಚುಗೀಸರು ಹಡಗಿನಲ್ಲಿ ಬಂದು ರಾಜಧಾನಿಗೆ ನುಗ್ಗಿದ ಮೇಲೆ ಊರೂರಲ್ಲೂ ದ್ರೋಹಿಗಳ ಬೇಟೆ. "ನಿಮ್ಮಲ್ಲಿ ಯಾರಿದ್ದಾರೆ, ಹೇಳಿ" ಅಂದ. ನನ್ನ ಹಾಳು ನಾಲಿಗೆ ಸುಮ್ಮನಿರಬೇಕಲ್ಲ! ಲಾಂಸಿನೆಯತ್ತ ಕೈ ತೋರಿಸಿದೆ. "ಇವನೇ ಸಾಹೇಬ್ರೇ! ಒಂದು ಬೋಗುಣಿ ಅಲಸಂದೆ ಕೊಟ್ರೆ ಪೋರ್ಚುಗೀಸರಿಗೆ ರೈಲನ್ನೇ ಮಾರ್ತಾನೆ!"

ಸಭೆ ಘೊಳ್ಳೆಂದಿತು. "ಆಗ್ಲೇ ಮಾರಿಬಿಟ್ಟೆ ಕಣೆ, ನಿನ್ನನ್ನೂ ಸೇರಿಸಿ!" ಅಂದ ಲಾಂಸಿನೆ, ಕಣ್ಣೊರೆಸಿಕೊಳ್ಳುತ್ತ. ಸಾನೊ ಎಲ್ಲರಿಗಿಂತ ಜೋರಾಗಿ ನಕ್ಕ. ನಗುತ್ತಲೇ ಬರೆದುಕೊಂಡ.

11 ಜನವರಿ, ಮಧ್ಯಾಹ್ನ
ಲಾಂಸಿನೆಯನ್ನು ಸ್ಟೇಷನ್ನಿನಿಂದಲೇ ಎಳೆದೊಯ್ದರು. ಸಾನೊ ಬಳಿಗೆ ಓಡಿದೆ.

"ಅದು ತಮಾಷೆ ಸಾಹೇಬ್ರೇ. ನೀವೂ ಈ ಮಣ್ಣಿನವರೇ. ನಿಮಗೆ ಗೊತ್ತಿಲ್ವಾ?"

"ಗೊತ್ತು ಕಣಮ್ಮ. ನಂಗೂ ಅಂಥ ನಂಟರಿದ್ದಾರೆ." ಅಡಿಕೆಯ ಹಾಗೆ ಕೋಲಾ ಕಾಯಿ ಅಗಿಯುತ್ತಲೇ ಇದ್ದ. "ಈ ಊರಿಂದ ಆರು ಜನ ಬೇಕು. ಐದು ಸಿಕ್ಕಿತ್ತು. ತಮಾಷೆ ಅಂತ್ಲೇ ಬರೆದುಕೊಡು, ನಂದೇನೂ ಅಡ್ಡಿಯಿಲ್ಲ. ಕ್ರಾಂತಿನೇ ತಮಾಷೆ ಮಾಡಿದವಳು ಆರನೆಯವಳಾಗ್ತಾಳೆ, ಅಷ್ಟೇ."

ಲಾಂಸಿನೆ ಮೇಲಿನ ದೂರನ್ನು ನನ್ನ ಕೈಯಿಂದಲೇ ಟೈಪ್ ಮಾಡಿಸಿದ. ಸಹಿ ಹಾಕಿದೆ. ಬದುಕುವ ಆಸೆ... ಥೂ, ನನ್ನ ಜನ್ಮಕ್ಕೆ.

2 ಫೆಬ್ರವರಿ
ಬರೆಯಲು ಕೈ ಬಂದಿರಲಿಲ್ಲ. ನಾಗ್ನೂಮಾ ದಿನಾ ಬರುತ್ತಾಳೆ. ಸಹಿಯ ವಿಷಯ ಗೊತ್ತಿಲ್ಲ. "ನಿನ್ನ ಮಾತಿಂದ ಅಲ್ಲ ಅಕ್ಕ, ನಮ್ಮನೆಯವ್ರಿಗೆ ಆವತ್ತು ಮನೇಲೂ ನಗು ತಡೀಲಿಲ್ಲ. ಇನ್ಯಾರೋ ಪಾಪಿ ಬರೆದುಕೊಟ್ಟಿದ್ದಾನೆ. ಅವನ ಮನೆ ಹಾಳಾಗ." ಅನ್ನ ಬಡಿಸಿದೆ. ತಿಂದಳು.

8 ಫೆಬ್ರವರಿ
ಲಾಂಸಿನೆ ಹೋದ. ಅನ್ನ ನೀರು ಕೊಡದೆ ಎಂಟು ದಿನ ಕೂಡಿಹಾಕಿದ್ದರಂತೆ. ಸಾನೊ ಬಾಯಿಂದಲೇ ಕೇಳಿದ್ದು. ಹೊರಗೆ ಉಸಿರೆತ್ತುವಂತಿಲ್ಲ, ನಾಗ್ನೂಮಾಗೂ. ಹೆಣವೂ ಇಲ್ಲ, ಮಣ್ಣೂ ಇಲ್ಲ.

ಈಗ ಹೆಂಡತಿಯಿಂದ ಒಂದು ಕಾಗದ ಬೇಕಂತೆ — ದ್ರೋಹಿ ಗಂಡನನ್ನು ತ್ಯಜಿಸಿದ್ದೇನೆ, ಅವನ ಮನೆ ಸರ್ಕಾರಕ್ಕೆ ಸೇರಲಿ. ಬುಧವಾರದೊಳಗೆ. ಒಪ್ಪದಿದ್ದರೆ ಅವಳೂ ಒಳಗೆ. ಮಕ್ಕಳು ಬೀದಿಗೆ.

10 ಫೆಬ್ರವರಿ
ಅವಳಿಗೆ ಓದು ಬಾರದು. ಕಾಗದ ಮುಂದಿಟ್ಟೆ. ಸಾನೊ ಬಾಗಿಲಲ್ಲೇ ನಿಂತಿದ್ದ.

"ಏನಿದೆ ಅಕ್ಕ ಇದ್ರಲ್ಲಿ?"

"ಬಿಡುಗಡೆ ಅರ್ಜಿ" ಅಂದೆ.

ಹೆಬ್ಬೆಟ್ಟು ಒತ್ತಿದಳು. ನನ್ನ ಕೈಯನ್ನು ಹಣೆಗೊತ್ತಿಕೊಂಡಳು. ಮಸಿ ನನಗೂ ಹತ್ತಿತು. "ಯಾವತ್ತು ಬರ್ತಾರೆ?"

"ಶುಕ್ರವಾರ."

ಯಾಕೆ ಹಾಗಂದೆನೋ. ಬಾಯಿಗೆ ಬಂದ ವಾರ ಹೇಳಿದೆ. ಸಾನೊ ಮುಗುಳ್ನಕ್ಕ.

12 ಫೆಬ್ರವರಿ, ಶುಕ್ರವಾರ
ಹೇಳಿಬಿಡಬೇಕೆಂದು ಬೆಳಗಿನಿಂದ ಮೂರು ಸಲ ಎದ್ದೆ. ಮೂರು ಸಲ ಕೂತೆ. ಕೋಳಿ ಕೊಯ್ದಿದ್ದಾಳೆ. ಶೇಂಗಾ ಸಾರಿನ ವಾಸನೆ ನನ್ನ ಕೋಣೆವರೆಗೂ. ಮಕ್ಕಳಿಗೆ ಎಣ್ಣೆ ಹಚ್ಚಿ ಹೊಸ್ತಿಲಲ್ಲಿ ಕೂರಿಸಿದ್ದಾಳೆ.

ಮಧ್ಯಾಹ್ನ 2
ನಮಾಜು ಮುಗಿಯಿತು. ಬೀದಿಯ ತುದಿಯಲ್ಲಿ ಟ್ರಕ್. ಸಾನೊನ ಜನ, ಮನೆ ಖಾಲಿ ಮಾಡಿಸಲು. ಕಿಟಕಿಯಿಂದ ಕಾಣುತ್ತಿದೆ. ಅವಳೂ ನೋಡಿದಳು. ಅಯ್ಯೋ, ಓಡಿ ಬರುತ್ತಿದ್ದಾಳೆ. ನನ್ನ ಬಾಗಿಲು ಬಡಿಯುತ್ತಿದ್ದಾಳೆ.

"ಅಕ್ಕ! ಬಂದ್ರು, ಬಂದ್ರು! ಬೇಗ ಬಾ ಅಕ್ಕ, ಮೊದಲ ಬೈಗುಳ ನಿಂದೇ ಆಗ್ಬೇಕು!"

ನಾನು